ಕಿರುಚುವ ಹೊಸ ಬೆಲ್ಟು

ಮಾರ್ಚ್ ೧೨, ಮಂಗಳವಾರ

ಕಾರಿನ ಫ್ಯಾನ್ ಬೆಲ್ಟನ್ನು ನಾನೇ ಬದಲಾಯಿಸಿದೆ, ನನ್ನ ಈ ಕೈಗಳಿಂದಲೇ, ಎಂಜಿನ್ ಸ್ಟಾರ್ಟ್ ಕೂಡ ಆಯಿತು! ನನ್ನ ಮೂಗಿನ ಮೇಲಿನ ಗ್ರೀಸ್ ನೋಡಿ ಗಂಡ ಮಹಾಶಯರು, "ಹುಡುಗಿ ಅಂತ ಮೆಕ್ಯಾನಿಕ್‌ನ ಕಟ್ಕೊಂಡ್ನಲ್ಲಪ್ಪಾ!" ಎಂದು ನಕ್ಕಿದ್ದೇ ನಕ್ಕಿದ್ದು. ಖುಷಿ ತಡೆಯಲಾರದೆ, ಈ ವಾರ ನಮ್ಮಲ್ಲಿಗೆ ಬರಲಿರುವ ಅತ್ತೆಗೆ ಫೋನ್ ಮಾಡಿ ಜಂಬ ಕೊಚ್ಚಿದೆ. ಕಾರು ಅವರದೇ, ವರ್ಷಗಟ್ಟಲೆ ಓಡಿಸಿ, ಮದುವೆಗೆ ನಮಗೆ ಕೊಟ್ಟದ್ದು.

"ಸ್ವಲ್ಪ ಓಡಿಸಿದ ಮೇಲೆ ಮತ್ತೆ ಬಿಗಿ ಮಾಡಿದ್ಯಾ? ಹೊಸ ಬೆಲ್ಟು ಸಡಿಲ ಆಗತ್ತೆ ಕಣೇ."

ಮಾಡಿರಲಿಲ್ಲ. ಆದರೂ "ಹೂಂ ಅತ್ತೆ" ಅಂದುಬಿಟ್ಟೆ.

ಸಂಜೆಯಿಂದ ಅದು ಕೀಂ ಎಂದು ಕಿರುಚುತ್ತಿದೆ. ಬಿಗಿ ಮಾಡಿದರೆ ಕೂಗು ನಿಲ್ಲುತ್ತದೆ, ಆದರೆ ಬೆರಳಿನಿಂದ ಒತ್ತಿದರೆ ಬೆಲ್ಟು ಒಂಚೂರೂ ಬಗ್ಗುವುದಿಲ್ಲ. ಅತಿ ಬಿಗಿಯಾದರೆ ಬೇರಿಂಗ್ ಹಾಳಂತೆ. ಸಡಿಲಿಸಿದೆ, ಮತ್ತೆ ಕಿರುಚಿತು.

"ಮಲ್ಕೊಳ್ಳೇ, ಅಮ್ಮಂಗೆ ಅದೆಲ್ಲ ಎಲ್ಲಿ ಕೇಳ್ಸತ್ತೆ" ಎಂದ ಗಂಡ ಮಹಾಶಯರು ಈಗ ಗೊರಕೆ ಹೊಡೆಯುತ್ತಿದ್ದಾರೆ. ಕೇಳಿಸದೆ ಇರುತ್ತದೆಯೇ? ಆ ಎಂಜಿನ್ನಿನ ಕೆಮ್ಮು ಸೀನು ಎಲ್ಲ ಅತ್ತೆಗೆ ಗೊತ್ತು. ಸ್ಟೇಷನ್ನಿಂದ ಟ್ಯಾಕ್ಸಿ ಮಾಡಲೇ ಎಂದು ನಾನು ಫೋನಿನಲ್ಲಿ ಕೇಳಿದ್ದಕ್ಕೆ, "ಟ್ಯಾಕ್ಸಿ ಯಾಕೆ? ನನ್ನ ಸೊಸೆ ರಿಪೇರಿ ಮಾಡಿರೋ ಕಾರಲ್ಲೇ ಬರ್ತೀನಿ" ಅಂದರು. ಎಷ್ಟು ಹೆಮ್ಮೆಯಿಂದ ಅಂದರು!

ಬೆಳಿಗ್ಗೆ ಇನ್ನೊಮ್ಮೆ ಬಾನೆಟ್ ತೆಗೆದು ನೋಡಬೇಕು. ಅವರು ಬರುವುದು ಗುರುವಾರ, ಬೆಳಗಿನ ಎಕ್ಸ್‌ಪ್ರೆಸ್ಸಿಗೆ.