ಹನ್ನೊಂದು ದಿನ ಕೂಗದ ಅಲಾರಂ

ಮಾರ್ಚ್ ೧೪, ಗುರುವಾರ

ರಕ್ತನಿಧಿಯ ಫ್ರಿಜ್ಜನ್ನು ಐದೈದು ನಿಮಿಷಕ್ಕೊಮ್ಮೆ ನೋಡಿ, ಬಿಸಿಯಾದರೆ ಕೂಗಿಕೊಳ್ಳುವ ಪ್ರೋಗ್ರಾಂ ನಾನೇ ಬರೆದದ್ದು. ಇವತ್ತು ಅಲ್ಲಿನ ನರ್ಸಕ್ಕ ಹೊಗಳಿದರು: "ಹನ್ನೊಂದು ದಿನದಿಂದ ನಿನ್ನ ಅಲಾರಂ ಒಂದ್ಸಲಾನೂ ಕೂಗಿಲ್ಲ ಕಣಪ್ಪಾ, ಭೇಷ್!"

ಖುಷಿಯಿಂದ, ಪ್ರೋಗ್ರಾಂ ಮಾಡಿದ್ದೆಲ್ಲ ದಾಖಲಾಗುವ ಲಾಗ್ ತೆರೆದೆ. ಹನ್ನೊಂದು ದಿನದ ಹಿಂದೆ ಫ್ರಿಜ್ಜಿನ ಬಿಸಿ ಅಳೆಯುವ ಸೆನ್ಸರ್ ಒಂದೇ ಒಂದು ಸಲ ಉತ್ತರ ಕೊಡದೆ ಎರರ್ ಬಂದಿದೆ. ಎರರ್ ಬಂದರೂ ನಿಲ್ಲಬೇಡ ಎನ್ನುವ ಸಾಲನ್ನೇ ನಾನು ಪ್ರೋಗ್ರಾಂನಲ್ಲಿ ಬರೆದಿರಲಿಲ್ಲ. ಕೆಲಸಗಳನ್ನು ಹೊತ್ತುಹೊತ್ತಿಗೆ ಓಡಿಸುವ ಶೆಡ್ಯೂಲರ್, ಫ್ರಿಜ್ ನೋಡುವ ಕೆಲಸವನ್ನು ಅಲ್ಲಿಗೇ ಕೈಬಿಟ್ಟಿದೆ, ಪಿಟಕ್ಕೆನ್ನದೆ! ಮಿಕ್ಕ ಕೆಲಸಗಳೆಲ್ಲ ಸಲೀಸಾಗಿ ಓಡುತ್ತಿವೆ.

ಸದ್ಯ, ರಕ್ತ ಕೆಟ್ಟಿಲ್ಲ. ನರ್ಸಕ್ಕ ದಿನಕ್ಕೆರಡು ಸಲ ಥರ್ಮಾಮೀಟರ್ ನೋಡಿ, ಗೋಡೆಯ ಹಾಳೆಯಲ್ಲಿ ಬರೆದಿಟ್ಟಿದ್ದಾರೆ; ಎಲ್ಲೂ ಬಿಸಿ ಏರಿಲ್ಲ.

ಹೋದ ತಿಂಗಳು "ಇನ್ನೂ ಇದೆಲ್ಲ ಯಾಕಕ್ಕಾ?" ಎಂದು ಆ ಹಾಳೆ ಕಿತ್ತು ಬಿಸಾಡಲು ಹೋದವನು ನಾನು.