ಗುಲಾಬಿ ಎಲೆ ಕತ್ತರಿಸಿದವರು

ಜೂನ್ 9, ಭಾನುವಾರ

ಅರವತ್ತು ದಾಟಿದರೂ ನನಗೆ ಪುಟ್ಟಿಯೇ ಆಗಿರುವ ತಂಗಿಗೆ, ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ಹೇಗಿದ್ದೀಯ? ತಮ್ಮನ ಮಂಡಿನೋವು ಇಳಿಯಿತೇ? ಅವನ ಹೆಂಡತಿಯ ಕೆಮ್ಮು? ಮೊಮ್ಮಗು ಗುಂಡನಿಗೆ ಹಲ್ಲು ಬಂತೇ? ಎಲ್ಲರನ್ನೂ ಕೇಳಿದೆನೆಂದು ಹೇಳು. ನೀನು ತಮ್ಮನ ಮನೆಗೆ ಹೋಗಿ ಮೂರು ತಿಂಗಳಾಯಿತು. ಕಾಗದ ತಡವಾದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ 'ನಾನು ಕ್ಷೇಮ' ಎಂಬಲ್ಲಿಗೆ ಪೆನ್ನು ನಿಂತುಬಿಟ್ಟಿತು.

ಅಂಗಡಿ ಹೇಗೋ ನಡೆಯುತ್ತಿದೆ. ನಲವತ್ತು ವರ್ಷ ಕತ್ತರಿ ನನಗೆ, ಸೂಜಿ ನಿನಗೆ ಎಂದು ನಡೆದ ಅಂಗಡಿ. ಈಗ ಎರಡೂ ನನ್ನ ತಲೆಗೇ. ಮೊನ್ನೆ ಒಂದು ಅಂಗಿಗೆ ಎರಡೂ ಎಡತೋಳು ಹಚ್ಚಿದೆ. ಅಂಚೆಯವನು ನೋಡಿ, "ಏನಜ್ಜಿ, ಎರಡೂ ಕೈ ಒಂದೇ ಕಡೆ ಇರೋ ಗಿರಾಕಿ ಸಿಕ್ಕಿದ್ನಾ?" ಅಂದ. ನಕ್ಕುಬಿಟ್ಟೆ. ಕೇಳಿಸಿತೇ ಎಂದು ನಿನ್ನ ಮಿಷನ್ನಿನ ಕಡೆ ತಿರುಗಿದೆ. ಮಿಷನ್ನಿಗೆ ಬಟ್ಟೆ ಹೊದಿಸಿತ್ತು.

ಇರಲಿ, ದೊಡ್ಡ ಸುದ್ದಿ ಕೇಳು. ನಮ್ಮ ಗುಲಾಬಿಯ ಎಲೆ ಕತ್ತರಿಸುತ್ತಿದ್ದುದು ಒಂದು ಜೇನುಹುಳು! ಕಪ್ಪು ಮೈ, ಹೊಟ್ಟೆಯಡಿ ಹಳದಿ ತುಪ್ಪುಳ. ಎಲೆಯಂಚನ್ನು ಕಾಲಲ್ಲಿ ಹಿಡಿದು ಕೂತು, ಸುತ್ತ ತಿರುಗುತ್ತ ಬಾಯಲ್ಲೇ ಕತ್ತರಿಸುತ್ತದೆ. ಸೀಮೆಸುಣ್ಣದ ಗೆರೆ ಬೇಡ, ಅಳತೆಪಟ್ಟಿ ಬೇಡ. ಹತ್ತೆಣಿಸುವಷ್ಟರಲ್ಲಿ ತುಂಡು ಕಳಚುತ್ತದೆ. ಅದನ್ನು ಹೊಟ್ಟೆಗೆ ಅವಚಿಕೊಂಡು ಹಾರಿಬಿಡುತ್ತದೆ. ಎಲ್ಲಿಗೆ ಗೊತ್ತೇ? ಕಿಟಕಿ ಚೌಕಟ್ಟಿನಲ್ಲಿ ಪರದೆಯ ಕೊಕ್ಕೆ ಕಿತ್ತುಬಂದ ತೂತಿನೊಳಕ್ಕೆ!

ಒಂದು ತುಂಡು ಕೆಳಗೆ ಬಿದ್ದಿತ್ತು. ಅಂಗಿಯ ಗುಂಡಿ ಇಟ್ಟು ನೋಡಿದೆ, ಸರಿಸಮ. ಉದ್ದ ತುಂಡು ಗೂಡಿನ ಗೋಡೆಗಂತೆ, ದುಂಡು ತುಂಡು ಮುಚ್ಚಳಕ್ಕಂತೆ. ಮಹಡಿಮನೆಯ ಮೇಷ್ಟ್ರು ಹೇಳಿದರು: "ಅದು ಎಲೆ ತಿನ್ನಲ್ಲ ಅಜ್ಜಿ. ಎಲೆಯಲ್ಲಿ ಪುಟ್ಟ ಪುಟ್ಟ ಕೋಣೆ ಕಟ್ಟಿ, ಹೂವಿನ ಪುಡಿ ತುಂಬಿ, ಕೋಣೆಗೊಂದು ಮೊಟ್ಟೆ ಇಟ್ಟು ಮುಚ್ಚುತ್ತೆ. ಇದಕ್ಕೆ ಹಿಂಡಿಲ್ಲ, ರಾಣಿ ಇಲ್ಲ. ಒಂಟಿ ಜೇನು."

"ಪಾಪ, ಮಾತಾಡೋಕೂ ಯಾರೂ ಇಲ್ವೇ?" ಅಂದೆ. ಮೇಷ್ಟ್ರು ನನ್ನ ಮುಖ ನೋಡಿ, ನಿನ್ನ ಮಿಷನ್ನಿನ ಕಡೆ ಕಣ್ಣು ಹಾಯಿಸಿದರು.

ಗಿಡಕ್ಕೇನೂ ಆಗಿಲ್ಲ, ಹೊಸ ಚಿಗುರು ಬಿಟ್ಟಿದೆ. ಜೇನು ದಪ್ಪ ಎಲೆಯ ಗೊಡವೆಗೆ ಹೋಗುವುದಿಲ್ಲ. ತೆಳುವಾದ, ನುಣುಪಾದ ಎಲೆಯೇ ಆಗಬೇಕು. ಬಟ್ಟೆ ಆರಿಸುವುದರಲ್ಲಿ ನಿನ್ನಷ್ಟೇ ಚೂಟಿ.

ದಿನಾ ಅದರ ಕೆಲಸ ನೋಡುವಾಗ ನನ್ನ ಮಾತೇ ನನ್ನನ್ನು ಚುಚ್ಚುತ್ತದೆ. ಒಂದೇ ಒಂದು ಕೋಟು ನಾನು ಕತ್ತರಿಸುತ್ತೇನೆ ಅಂತ ನೀನು ಕೇಳಿದೆ. ಬಟ್ಟೆ ಹಾಳಾಗುತ್ತದೆಂದು ಕೊಡಲಿಲ್ಲ. ಅದೇ ವಾರ ಗುಲಾಬಿ ಎಲೆಗಳ ಅಂಚಿನಲ್ಲಿ ದುಂಡನೆಯ ಕಚ್ಚು. ಹುಳು ತಿಂದರೆ ಅಂಚು ಹರಕಲಾಗುತ್ತದೆ, ಇದು ಕತ್ತರಿ ಹಿಡಿದ ಕೈಯೇ ಎಂದು ಕಸುಬಿನ ಜಂಬ ನನಗೆ. "ಕತ್ತರಿ ಕೊಡ್ಲಿಲ್ಲ ಅಂತ ನನ್ನ ಗಿಡದ ಮೇಲೆ ಸಿಟ್ಟು ತೀರಿಸ್ಕೊಂಡ್ಯಾ?" ಎಂದು ಗಿರಾಕಿಗಳ ಎದುರಿಗೇ ಕೇಳಿಬಿಟ್ಟೆ. ನೀನು ಅಳಲಿಲ್ಲ. "ಇಷ್ಟು ದುಂಡಗೆ ಕತ್ತರಿಸೋಕೆ ನನಗೆ ಬರುತ್ತೆ ಅಂತ ಇವತ್ತಾದ್ರೂ ಒಪ್ಕೊಂಡ್ಯಲ್ಲ, ಅಕ್ಕಾ" ಅಂದೆ. ಮಾರನೆಯ ಬೆಳಿಗ್ಗೆ ಚೀಲ ಕಟ್ಟಿದೆ.

ತಪ್ಪು ನನ್ನದು ಪುಟ್ಟಿ. ಬಂದುಬಿಡು. ಬೂದುಬಣ್ಣದ ಕೋಟಿನ ಬಟ್ಟೆಯೊಂದು ಬಂದಿದೆ, ಮಡಿಕೆ ಬಿಚ್ಚದೆ ಇಟ್ಟಿದ್ದೇನೆ. ನೀನೇ ಕತ್ತರಿಸು, ನಾನು ಗುಂಡಿಗೆ ಕಾಜ ಹಾಕುತ್ತೇನೆ. ಎಲ್ಲರೂ ನೂರು ಕಾಲ ತಣ್ಣಗಿರಿ.

ಇಂತಿ,
ನಿನ್ನ ಅಕ್ಕ

ಬರೆಯಲು ಮರೆತದ್ದು: ಮರೆತದ್ದಲ್ಲ, ಧೈರ್ಯವಾಗದೆ ಬಿಟ್ಟದ್ದು. ಆ ಜೇನನ್ನು ನಾನು ಮೊದಲು ಕಂಡದ್ದು ನೀನು ಹೊರಟ ಬೆಳಿಗ್ಗೆಯೇ. ಅದು ಎಲೆ ಅವಚಿಕೊಂಡು ಹಾರಿದಾಗ ನೀನಿನ್ನೂ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. 'ನೀನಲ್ಲ ಪುಟ್ಟಿ' ಅಂದಿದ್ದರೆ ಸಾಕಿತ್ತು. ತಂಗಿಯೆದುರು ಸೋತಂತಾಗುತ್ತದೆಂದು ಬಾಯಿ ಬಿಡಲಿಲ್ಲ. ನೀನು ಬೀದಿಯ ತಿರುವು ದಾಟುವವರೆಗೂ ಗಿಡದ ಕಡೆ ಮುಖ ಮಾಡಿಕೊಂಡು ನಿಂತಿದ್ದೆ. ಇದನ್ನು ಓದಿ ಬೈಯಬೇಕೆನಿಸಿದರೆ ಬೈದೇ ಬರೆ, ಪುಟಗಟ್ಟಲೆ ಬರೆ. ಬೇಗ ಬರೆ.