ತುಟಿ ಅಲ್ಲಾಡಿದ್ದಕ್ಕೆ

ಅಪ್ಪಾ,

ನೀನಿದ್ದಿದ್ದರೆ ನನ್ನ ಕೆಲಸ ಕೇಳಿ ನಕ್ಕುಬಿಡುತ್ತಿದ್ದೆ. ಆನ್‌ಲೈನ್ ಪರೀಕ್ಷೆ ಬರೆಯುವವರು ನಕಲು ಮಾಡದಂತೆ ದಿನವಿಡೀ ಪರದೆಯ ಮೇಲೆ ಅವರ ಮುಖ ಕಾಯುತ್ತೇನೆ. ಸಾಹಿತ್ಯ ಓದಿದವಳಿಗೆ ಸಿಕ್ಕಿದ್ದು ಇದು.

ಇವತ್ತು ಒಬ್ಬ ಹುಡುಗಿಯ ತುಟಿ ಅಲ್ಲಾಡುತ್ತಿತ್ತು. ಯಾರಿಗೋ ಪ್ರಶ್ನೆ ಓದಿ ಹೇಳುತ್ತಿದ್ದಾಳೆಂದು ಕಂಪ್ಯೂಟರ್ ಕೆಂಪು ಗುರುತು ಹಾಕಿತು. ನಿಯಮದಂತೆ ಕೋಣೆ ತೋರಿಸಲು ಹೇಳಿದೆ. ಅವಳು ಲ್ಯಾಪ್‌ಟಾಪ್ ಎತ್ತಿ ಸುತ್ತ ತಿರುಗಿಸಿದಳು. ಮಡಿಸದ ಹಾಸಿಗೆ, ಒಣಗಲು ಹಾಕಿದ ಬಟ್ಟೆ ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ.

“ಬಾಯಲ್ಲಿ ಹೇಳ್ಕೊಳ್ದಿದ್ರೆ ನಂಗೆ ತಲೆಗೆ ಹತ್ತಲ್ಲ ಅಕ್ಕಾ,” ಎಂದಳು.

ಪಕ್ಕದ ಮೇಜಿನ ಮೇಲ್ವಿಚಾರಕರು, “ಎಲ್ರೂ ಹೀಗೇ ಕಥೆ ಕಟ್ತಾರಮ್ಮ. ಇನ್ನೊಂದ್ಸಲ ಅಲ್ಲಾಡಿದ್ರೆ ಪರೀಕ್ಷೆ ರದ್ದು ಅನ್ನು,” ಎಂದರು.

ಅಂದೆ. ಅವಳು ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬರೆದದ್ದು ಬಹಳ ಕಡಿಮೆ. ಸಮಯ ಮುಗಿಯುವವರೆಗೂ ನಾನು ಆ ಕೈಯನ್ನೇ ಕಾಯುತ್ತಾ ಕೂತೆ.

ನೀನು ಪೇಪರ್ ಓದುವಾಗ ನಿನ್ನ ತುಟಿ ನೋಡಿಯೇ ನಾನು ಸುದ್ದಿ ಹೇಳಿಬಿಡುತ್ತಿದ್ದೆ. “ಕಳ್ಳಿ, ನನ್ನ ಪೇಪರ್ ಕದ್ದು ಓದ್ತೀಯಾ?” ಅನ್ನುತ್ತಿದ್ದೆ ನೀನು. ಮೇಲ್ವಿಚಾರಕರಿಗೆ ಅದನ್ನು ಹೇಳಬೇಕೆಂದು ಬಾಯಿವರೆಗೂ ಬಂದಿತ್ತು.

ಈಗ ಇದನ್ನು ಬರೆಯುತ್ತಾ ನನ್ನ ತುಟಿಯೂ ಅಲ್ಲಾಡುತ್ತಿದೆ. ಇಲ್ಲಿ ನೋಡುವವರು ಯಾರೂ ಇಲ್ಲ.